ಸ್ಟೂಲಿನ ಮೇಲೆ ಈಜು ಕಲಿತವಳು

ಮೀನಕ್ಕನನ್ನು ಮರಿ ಮೊದಲ ಸಲ ನೋಡಿದಾಗ ಮೀನಕ್ಕ ಒಂದು ಮರದ ಸ್ಟೂಲಿನ ಮೇಲೆ ಬೋರಲು ಮಲಗಿ ಗಾಳಿಯಲ್ಲಿ ಕೈಕಾಲು ಬಡಿಯುತ್ತಿದ್ದಳು.

ಆಗಿನ್ನೂ ಮರಿಗೆ ಮರಿ ಅನ್ನುವ ಹೆಸರು ಬಿದ್ದಿರಲಿಲ್ಲ. ಊರಿನಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ, ತಗಡಿನ ಟ್ರಂಕನ್ನು ಒಂದು ಕೈಯಲ್ಲಿ ಎಳೆಯುತ್ತ, ಹಾಸಿಗೆ ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹುಡುಗಿಯರ ಹಾಸ್ಟೆಲಿನ ಮೆಟ್ಟಿಲು ಹತ್ತಿ ಬಂದಿದ್ದಳು. ಓಣಿಯ ಕೊನೆಯ ಕೋಣೆ ನಿನ್ನದು ಎಂದು ವಾರ್ಡನ್ ಹೇಳಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎರಡು ಕಬ್ಬಿಣದ ಮಂಚ, ಮಂಚಗಳ ನಡುವೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಬೆಳೆದ ಹೆಂಗಸೊಬ್ಬಳ ಹೊಟ್ಟೆ. ಕೈಗಳು ಮುಂದಕ್ಕೆ ಚಾಚಿ, ಅಗಲವಾಗಿ ತೆರೆದುಕೊಂಡು, ಮತ್ತೆ ಎದೆಯ ಹತ್ತಿರ ಬರುತ್ತಿದ್ದವು. ಕಾಲುಗಳು ಕಪ್ಪೆಯ ಹಾಗೆ ಮಡಚಿ ಬಿಚ್ಚುತ್ತಿದ್ದವು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಆಗಾಗ ಕತ್ತು ಎತ್ತಿ, ಬಾಯಿ ದೊಡ್ಡದಾಗಿ ತೆರೆದು ಉಸಿರು ಎಳೆಯುತ್ತಿದ್ದಳು.

ಮರಿಯ ಊರಿನಲ್ಲಿ ಪಕ್ಕದ ಮನೆಯವಳಿಗೆ ಮೂರ್ಛೆ ರೋಗವಿತ್ತು. ಇದೂ ಅದೇ ಎಂದುಕೊಂಡಳು. ಟ್ರಂಕನ್ನು ಬಾಗಿಲಲ್ಲೇ ಬಿಟ್ಟು, ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಇದ್ದಷ್ಟು ನೀರನ್ನೂ ಆ ಹೆಂಗಸಿನ ಮುಖದ ಮೇಲೆ ಸುರಿದಳು.

ಹೆಂಗಸು ಸ್ಟೂಲಿನಿಂದ ಉರುಳಿ ನೆಲಕ್ಕೆ ಬಿದ್ದಳು. ಎದ್ದು ಕೂತು, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಮರಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಈಜು ಕಲೀಬೇಕು ಅಂತ ಹೊರಟು ಎಷ್ಟು ದಿನ ಆಯ್ತೋ, ಮೈಮೇಲೆ ನೀರು ಬಿದ್ದಿದ್ದು ಇವತ್ತೇ. ನಿನ್ನ ಕೈಗುಣ ಚೆನ್ನಾಗಿದೆ. ಯಾರಮ್ಮ ನೀನು?"

"ಹೊಸಬಳು. ಈ ರೂಮೇ ಕೊಟ್ಟಿದ್ದಾರೆ. ನಿಮಗೆ ಮೈ ಹುಷಾರಿಲ್ಲ ಅಂದ್ಕೊಂಡೆ, ತಪ್ಪಾಯ್ತಕ್ಕ."

"ಹುಷಾರಾಗೇ ಇದ್ದೀನಿ. ಯಾವ ವಿಭಾಗ?"

"ಪಾರ್ಕು, ಮನರಂಜನೆ, ಪ್ರವಾಸ. ಅದರ ನಿರ್ವಹಣೆ."

"ಅಯ್ಯೋ ಪಾಪ, ನೀನೂನಾ," ಎಂದು ಅವಳು ನಕ್ಕು, ಒದ್ದೆ ದಿಂಬನ್ನು ಕಿಟಕಿಯ ಮೇಲೆ ಒಣಗಲು ಇಟ್ಟಳು. "ಹಾಗಾದ್ರೆ ನೋಡ್ಕೋ. ಇನ್ನೆರಡು ವರ್ಷಕ್ಕೆ ನೀನೂ ಈ ಸ್ಟೂಲಿನ ಮೇಲೆ."

ಸ್ಟೂಲಿನ ಈಜು ಹಾಸ್ಟೆಲಿಗೆಲ್ಲ ಗೊತ್ತಿದ್ದದ್ದರಿಂದ ಅವಳಿಗೆ ಮೀನಕ್ಕ ಎಂಬ ಹೆಸರು ಆಗಲೇ ಅಂಟಿತ್ತು. ಅವಳ ಕೋಣೆಗೆ ಬಂದು ಸೇರಿದ ತಪ್ಪಿಗೆ ಇವಳು ಸಂಜೆಯ ಊಟದ ಹೊತ್ತಿಗೆ ಮೀನುಮರಿಯಾದಳು. ವಾರ ಕಳೆಯುವಷ್ಟರಲ್ಲಿ ಬರೀ ಮರಿ.

ಮೀನಕ್ಕ ಉಳಿದ ಹುಡುಗಿಯರಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಅಪ್ಪ ಹಳ್ಳಿಯ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಟ್ರೇಲರು, ಗೇಟು, ಕಿಟಕಿ, ಮುರಿದ ನೇಗಿಲು ಯಾವುದು ಬಂದರೂ ಬೆಸೆಯುವವನು. ತಾಯಿ ತೀರಿಕೊಂಡ ಮೇಲೆ ಅಡುಗೆ, ತಮ್ಮ ತಂಗಿಯರು, ಅಂಗಡಿಯಲ್ಲಿ ಅಪ್ಪನಿಗೆ ಕಬ್ಬಿಣ ಹಿಡಿದುಕೊಡುವ ಕೆಲಸ ಎಲ್ಲ ಇವಳದೇ ಆಗಿ, ಓದು ಕೆಲವು ವರ್ಷ ಮೂಲೆಗೆ ಬಿದ್ದಿತ್ತು. ಒಮ್ಮೆ ಊರ ಶಾಲೆಗೆ ಉಯ್ಯಾಲೆ, ಜಾರುಬಂಡೆ ಮಾಡಿಕೊಡುವ ಕೆಲಸ ಅಪ್ಪನಿಗೆ ಬಂತು. ಉಯ್ಯಾಲೆಯ ಸರಪಳಿ ಎಷ್ಟು ಉದ್ದ ಇರಬೇಕು, ಕಂಬದಿಂದ ಎಷ್ಟು ದೂರಕ್ಕೆ ಮಗು ಹಾರಬಹುದು ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ಹೆಡ್‌ಮಾಸ್ತರರಿಗೂ ಗೊತ್ತಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕೆಳಗೆ ಮರಳು ಹಾಕಿಸಿ, ಕಂಬ ಎರಡನ್ನೂ ದೂರ ಮಾಡಿಸಿ, "ಇದನ್ನೆಲ್ಲ ಕಲಿಸೋ ಓದೇ ಇದೆ" ಎಂದು ಹೇಳಿಹೋದರು. ಆ ಮಾತು ಮೀನಕ್ಕನ ತಲೆಯಲ್ಲಿ ಕೂತುಬಿಟ್ಟಿತು. ತಂಗಿ ಅಡುಗೆ ಕಲಿಯುವ ತನಕ ಕಾದು, ಆಮೇಲೆ ಅಪ್ಪನ ಮುಂದೆ ನಿಂತಳು.

ಅಪ್ಪ ಬೇಡ ಅನ್ನಲಿಲ್ಲ. ಅಂದವನು ಚಿಕ್ಕಪ್ಪ. "ಪಾರ್ಕಲ್ಲಿ ಕೂರೋಕೂ ಮೂರು ವರ್ಷ ಓದಬೇಕೇನೋ? ಹಾಗಾದ್ರೆ ನಮ್ಮೂರ ಕಟ್ಟೆ ಮೇಲೆ ಕೂತೋರಿಗೆಲ್ಲ ಡಾಕ್ಟರೇಟೇ ಕೊಡಬೇಕು."

ಮರಿಯ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಮಾತು ನಡೆದಿತ್ತು. ಕಾಲೇಜಿನ ಬಾಗಿಲು ನೋಡಿದವಳು ಅವಳ ಮನೆಯಲ್ಲಿ ಅವಳೇ ಮೊದಲು. ಏನು ಓದುತ್ತೀಯಾ ಎಂದು ಯಾರಾದರೂ ಕೇಳಿದರೆ ನಾಲಗೆ ತಡವರಿಸುತ್ತಿತ್ತು. ವಿಶ್ವವಿದ್ಯಾಲಯದಲ್ಲೂ ಬೇರೆಯವರು ಅದನ್ನು ಆಟದ ಡಿಪಾರ್ಟ್‌ಮೆಂಟು ಅನ್ನುತ್ತಿದ್ದರು. ಆದರೆ ಒಳಗೆ ಕೂತು ಓದುವವರಿಗೆ ಅದು ಆಟವಾಗಿರಲಿಲ್ಲ. ಬೆಟ್ಟದ ಕಾಲುದಾರಿಯಲ್ಲಿ ದಿನಕ್ಕೆ ಎಷ್ಟು ಜನ ನಡೆದರೆ ಹುಲ್ಲು ಮತ್ತೆ ಚಿಗುರುತ್ತದೆ, ಎಷ್ಟು ಜನ ನಡೆದರೆ ಸತ್ತೇಹೋಗುತ್ತದೆ; ಸರತಿ ಸಾಲನ್ನು ಹೇಗೆ ಸುತ್ತಿಸಿದರೆ ನಿಂತವರಿಗೆ ಸಿಟ್ಟು ಬರುವುದಿಲ್ಲ; ಬೆಂಚಿನ ಬೆನ್ನು ಯಾವ ಕಡೆಗಿದ್ದರೆ ಹೆಂಗಸರು ಬಂದು ಕೂರುತ್ತಾರೆ. ಮೀನಕ್ಕ ಇವನ್ನು ಹಸಿದವರು ಉಣ್ಣುವ ಹಾಗೆ ಓದುತ್ತಿದ್ದಳು. ತರಗತಿಯಲ್ಲಿ ಅವಳೇ ಮುಂದು.

ಸಿಕ್ಕಿಕೊಂಡದ್ದು ನೀರಿನಲ್ಲಿ.

ಪಾರ್ಕು ಅಂದ ಮೇಲೆ ಕೆರೆ ಇರುತ್ತದೆ, ಕೊಳ ಇರುತ್ತದೆ, ದೋಣಿ ಇರುತ್ತದೆ. ಹಾಗಾಗಿ ಕೊನೆಯ ವರ್ಷದಲ್ಲಿ ನೀರಿನ ಪರೀಕ್ಷೆ ಎಂಬುದೊಂದಿತ್ತು. ಈಜುಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಈಜಬೇಕು, ಆಳದಲ್ಲಿ ಹೇಳಿದಷ್ಟು ಹೊತ್ತು ತೇಲಬೇಕು, ಮುಳುಗುವಂತೆ ನಟಿಸುವ ಇನ್ನೊಬ್ಬರನ್ನು ದಡಕ್ಕೆ ಎಳೆದು ತರಬೇಕು. ಇದಾಗದೆ ಡಿಗ್ರಿ ಇಲ್ಲ. ಮೀನಕ್ಕನ ಊರಿನಲ್ಲಿ ನೀರು ಬರುತ್ತಿದ್ದದ್ದು ಕೊಳವೆ ಬಾವಿಯಿಂದ. ಮೊಣಕಾಲಿಗಿಂತ ಮೇಲೆ ಬಂದ ನೀರನ್ನು ಅವಳು ಕಂಡಿರಲಿಲ್ಲ.

ಕಲಿಯೋಣವೆಂದರೆ ಈಜುಕೊಳ ಸಿಗಬೇಕಲ್ಲ. ಗಂಡಸರಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬಿಟ್ಟಿದ್ದರು. ಹೆಂಗಸರ ಹೊತ್ತಿಗೆ ಹೆಣ್ಣು ಕಾವಲುಗಾರ್ತಿಯೇ ಇರಬೇಕೆಂಬ ನಿಯಮ. ಅಂಥವರು ಇದ್ದದ್ದು ಒಬ್ಬರೇ, ಎಲ್ಲರೂ ಕೋಚಮ್ಮ ಅನ್ನುತ್ತಿದ್ದವರು; ಅವರೂ ಇನ್ನೊಂದು ಕ್ಯಾಂಪಸ್ಸಿನಿಂದ ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು. ಅವೇ ದಿನ ಅದೇ ಹೊತ್ತಿಗೆ ಕೊನೆಯ ವರ್ಷದವರಿಗೆ ಕಡ್ಡಾಯದ ತರಗತಿಯೊಂದಿತ್ತು. ಆ ವಿಷಯದ ಹೆಸರು 'ವಿರಾಮ ಮತ್ತು ಸಮಯ ನಿರ್ವಹಣೆ.'

"ಸಮಯ ಹೊಂದಿಸೋದು ಹೇಗೆ ಅಂತ ಕಲಿಸೋ ಕ್ಲಾಸಿಗೇ ಸಮಯ ಹೊಂದಿಸೋಕೆ ಬರಲಿಲ್ಲ ನೋಡು," ಎಂದು ಮೀನಕ್ಕ ಮೊದಮೊದಲು ನಗುತ್ತಿದ್ದಳು.

ಇಷ್ಟು ವರ್ಷ ಇದು ಯಾರಿಗೂ ಅಡ್ಡ ಬಂದಿರಲಿಲ್ಲ. ಆ ವಿಭಾಗಕ್ಕೆ ಬರುತ್ತಿದ್ದ ಹುಡುಗಿಯರೇ ಕಡಿಮೆ. ಬಂದವರು ಪಟ್ಟಣದವರು, ಚಿಕ್ಕಂದಿನಲ್ಲೇ ಕ್ಲಬ್ಬುಗಳಲ್ಲಿ ಈಜು ಕಲಿತವರು. ಪರೀಕ್ಷೆಯ ದಿನ ನೇರವಾಗಿ ಬಂದು, ಈಜಿ, ತಲೆ ಒರೆಸಿಕೊಂಡು ಹೋಗುತ್ತಿದ್ದರು. ಕಲಿಯಬೇಕಾದ ಹುಡುಗಿ ಬಂದದ್ದು ಇವಳೇ ಮೊದಲು.

ಅದಕ್ಕೇ ಆ ಸ್ಟೂಲು. ವಾಚನಾಲಯದಿಂದ ಈಜಿನ ಪುಸ್ತಕ ತಂದು, ಚಿತ್ರ ನೋಡಿ, ದಿಂಬಿನ ಮೇಲೆ ಹೊಟ್ಟೆ ಇಟ್ಟು ಕೈಕಾಲು ಆಡಿಸುವುದು. ಮರಿ ಮಂಚದ ಮೇಲೆ ಕೂತು ಪುಸ್ತಕ ಹಿಡಿದು, "ಎಡಗಾಲು ಇನ್ನೂ ಅಗಲ ಅಕ್ಕ, ಚಿತ್ರದಲ್ಲಿ ಹಾಗಿದೆ" ಎಂದು ತಿದ್ದುವುದು. ಬಾಗಿಲಲ್ಲಿ ಹಾದು ಹೋಗುವ ಹುಡುಗಿಯರು, "ದಡ ಬಂತಾ ಮೀನಕ್ಕ?" ಎಂದು ಕೇಳುವುದು.

ಒಂದು ಬೆಳಿಗ್ಗೆ ಇಬ್ಬರೂ ಈಜುಕೊಳದ ಕಚೇರಿಗೆ ಹೋದರು. ಅಲ್ಲಿನ ಮ್ಯಾನೇಜರು ಒದ್ದೆ ಟವೆಲುಗಳ ರಾಶಿಯ ಹಿಂದೆ ಕೂತು ಪೇಪರು ಓದುತ್ತಿದ್ದರು.

"ಹೆಂಗಸರ ಹೊತ್ತು ಬದಲಾಯಿಸೋದು ನನ್ನ ಕೈಲಿಲ್ಲಮ್ಮ. ನಿಮ್ಮ ಕ್ಲಾಸಿನ ಹೊತ್ತು ಬದಲಾಯಿಸ್ಕೊಳ್ಳಿ, ಅದು ಸುಲಭ."

ಅಲ್ಲಿಂದ ವಿಭಾಗದ ಮುಖ್ಯಸ್ಥರ ಕೋಣೆ. ಹೆಡ್ ಸರ್ ಒಳ್ಳೆಯವರು. ಯಾರು ಬಂದರೂ ಕೂರಿಸುತ್ತಿದ್ದರು, ಟೀ ತರಿಸುತ್ತಿದ್ದರು, ಊರು ಮನೆ ವಿಚಾರಿಸುತ್ತಿದ್ದರು.

"ಕ್ಲಾಸಿನ ಹೊತ್ತು ಮೇಲಿನ ಆಫೀಸಲ್ಲಿ ನಿಗದಿಯಾಗೋದಮ್ಮ. ಒಂದು ಇಟ್ಟಿಗೆ ಎಳೆದ್ರೆ ಗೋಡೆನೇ ಬೀಳುತ್ತೆ. ಈಜುಕೊಳದವರನ್ನೇ ಕೇಳಿ. ಟೀ ತಗೊಳ್ಳಿ, ಆರಿ ಹೋಗುತ್ತೆ."

ಮೇಲಿನ ಆಫೀಸಿನಲ್ಲಿ ಗುಮಾಸ್ತರು, "ಹೆಡ್ಡು ಬರೆದು ಕಳಿಸಲಿ" ಎಂದರು. ಹೆಡ್ ಸರ್, "ಈಜುಕೊಳದವರು ಮೊದಲು ಒಪ್ಪಲಿ" ಎಂದರು. ಮ್ಯಾನೇಜರು ಪೇಪರಿನ ಹಾಳೆ ಮಗುಚಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇವರಿಬ್ಬರ ಚಪ್ಪಲಿ ಮಾತ್ರ ಸವೆಯಿತು. ಪ್ರತಿ ಕಡೆಯೂ ಟೀ ಸಿಕ್ಕಿತು. ದಾರಿಯಲ್ಲಿ ಮೀನಕ್ಕ, "ಇನ್ನೂ ನಾಲ್ಕು ದಿನ ಹೀಗೇ ಓಡಾಡಿದ್ರೆ ಟೀಲೇ ಈಜಬಹುದು ಕಣೇ" ಎಂದಳು. ಮರಿ ನಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಊರಲ್ಲಿ ಸಿಟ್ಟು ಬಂದರೆ ಯಾರ ಮೇಲೆ ಎಂದು ಗೊತ್ತಿರುತ್ತಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರು.

ಮೀನಕ್ಕನಿಗೆ ಅವಸರವಿತ್ತು. ಅವಳ ಹಳ್ಳಿಯ ಪಕ್ಕದ ಪಟ್ಟಣದಲ್ಲಿ ಹಳೆಯ ಕೆರೆಯೊಂದನ್ನು ಹೂಳೆತ್ತಿ, ಸುತ್ತ ಪಾರ್ಕು ಮಾಡುತ್ತಿದ್ದರು. ಅದಕ್ಕೊಬ್ಬ ಮೇಲ್ವಿಚಾರಕರು ಬೇಕು, ಇದೇ ಡಿಗ್ರಿ ಆಗಿರಬೇಕು, ಮಳೆಗಾಲಕ್ಕೆ ಮುಂಚೆ ನೇಮಕ ಎಂದು ಪುರಸಭೆ ಹೇಳಿತ್ತು. ಆ ಕೆರೆಯ ಕಂಬಿಬೇಲಿ ವೆಲ್ಡ್ ಮಾಡುವ ಕೆಲಸ ಸಿಕ್ಕಿದ್ದು ಅವಳ ಅಪ್ಪನಿಗೇ. ಭಾನುವಾರ ಬೆಳಿಗ್ಗೆ ಅಪ್ಪ ಫೋನು ಮಾಡುತ್ತಿದ್ದ. ಮೀನಕ್ಕ ಸ್ಪೀಕರು ಹಾಕಿ ಬಟ್ಟೆ ಮಡಚುತ್ತ ಮಾತಾಡುತ್ತಿದ್ದಳು, ಮರಿಗೂ ಕೇಳುತ್ತಿತ್ತು.

"ಮೇಲ್ವಿಚಾರಕರ ರೂಮಿನ ಕಿಟಕಿ ಇವತ್ತು ಕೂರಿಸಿದೆ ಮಗಳೇ. ಕೆರೆ ಪೂರ್ತಿ ಕಾಣುತ್ತೆ. ಸರಳು ಸ್ವಲ್ಪ ದೂರ ದೂರ ಇಟ್ಟಿದ್ದೀನಿ, ನಿನಗೆ ಗಾಳಿ ಚೆನ್ನಾಗಿ ಬರಲಿ ಅಂತ."

"ಅಪ್ಪಾ, ಇನ್ನೂ ಪರೀಕ್ಷೆ ಆಗಿಲ್ಲ."

"ಆಗುತ್ತೆ ಬಿಡು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?"

ಫೋನು ಇಟ್ಟ ಮೇಲೆ ಮೀನಕ್ಕ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

ಮಾರನೆಯ ದಿನ ಅವಳು ಒಬ್ಬಳೇ ಹೆಡ್ ಸರ್ ಹತ್ತಿರ ಹೋಗಿ ಬಂದಳು. ಮುಖ ಅರಳಿತ್ತು. ಹೆಡ್ ಸರ್ ಅವಳ ಮಾತು ಪೂರ್ತಿ ಕೇಳಿ, ಕನ್ನಡಕ ತೆಗೆದು, "ನೀನು ಈಜುಕೊಳಕ್ಕೆ ಹೋಗಮ್ಮ. ಮೇಷ್ಟ್ರಿಗೆ ನಾನು ಹೇಳ್ತೀನಿ. ಹಾಜರಿ ಯೋಚನೆ ಬಿಡು" ಎಂದಿದ್ದರಂತೆ.

"ಬರೆದು ಕೊಟ್ಟರಾ?" ಮರಿ ಕೇಳಿದಳು.

"ಅಷ್ಟು ದೊಡ್ಡವರು ಬಾಯಿ ಬಿಟ್ಟು ಹೇಳಿದ ಮೇಲೆ ಬರೆದು ಕೊಡಿ ಅಂತ ಹೇಗೆ ಕೇಳಲಿ? ನಮ್ಮಪ್ಪ ಇವತ್ತಿನವರೆಗೂ ಬಾಯಿ ಮಾತಿನ ಮೇಲೆ ತಾನೇ ಕಬ್ಬಿಣ ಕೊಯ್ಯೋದು."

ಮರಿಯಾಗಿದ್ದರೂ ಕೇಳುತ್ತಿರಲಿಲ್ಲ. ಇಬ್ಬರೂ ಬೆಳೆದದ್ದು ದೊಡ್ಡವರು ಹೇಳಿದ್ದನ್ನು ಮತ್ತೆ ಕೇಳಿದರೆ ಅವಮಾನವೆಂದುಕೊಳ್ಳುವ ಮನೆಗಳಲ್ಲಿ.

ಮಂಗಳವಾರ ಮೀನಕ್ಕ ಮೊದಲ ಸಲ ನೀರಿಗೆ ಇಳಿದಳು. ಮರಿಗೆ ಆ ಹೊತ್ತಿಗೆ ತರಗತಿ ಇರಲಿಲ್ಲ. ಟವೆಲು ಹಿಡಿದುಕೊಂಡು ದಡದಲ್ಲಿ ಕೂತಳು. ಕೊಳದ ವಾಸನೆ ಮೂಗಿಗೆ ಖಾರವಾಗಿ ಹೊಡೆಯುತ್ತಿತ್ತು. ಮೀನಕ್ಕ ಮೈ ಮುಚ್ಚುವ ಕಪ್ಪು ಈಜುಡುಪು ಹಾಕಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಳು. ವೆಲ್ಡಿಂಗಿನ ಕಿಡಿಗೆ ಹೆದರದ ಹೆಂಗಸಿನ ತುಟಿ ನಡುಗುತ್ತಿತ್ತು.

ಕೋಚಮ್ಮ ಬಾಯಿ ಜೋರಿನ, ನಡು ದಪ್ಪನೆಯ, ಐವತ್ತು ದಾಟಿದ ಹೆಂಗಸು. "ಕಂಬಿ ಬಿಡೇ ತಾಯಿ. ಅದೇನು ನಿನ್ನ ಗಂಡನಾ?" ಎಂದರು. "ನೀರಿಗಿಳಿದ ಮೇಲೆ ಚಳಿ ಏನು, ಮಳೆ ಏನು? ಕೈ ಹಾಕು ನೋಡೋಣ."

ಮೀನಕ್ಕ ಕಂಬಿ ಬಿಟ್ಟಳು. ಕೈ ಚಾಚಿದಳು, ತೆರೆದಳು, ಎಳೆದಳು. ಕಾಲು ಮಡಚಿದಳು, ಬಿಚ್ಚಿದಳು. ಚಿತ್ರದಲ್ಲಿದ್ದ ಹಾಗೇ. ಕೋಚಮ್ಮನ ಬಾಯಿ ತೆರೆದಂತೆಯೇ ನಿಂತಿತು. ನಾಲ್ಕು ಸಲ ಹಾಗೆ ಹೋದವಳು ಐದನೆಯ ಸಲಕ್ಕೆ ಕೆಮ್ಮುತ್ತ, ಕಣ್ಣು ಕೆಂಪು ಮಾಡಿಕೊಂಡು ಮುಳುಗಿ, ಕೋಚಮ್ಮನ ಕೈಯಲ್ಲಿ ಎದ್ದು ಬಂದಳು.

"ಯಾರ ಹತ್ರ ಕಲಿತೆ ಇದನ್ನ?"

"ಸ್ಟೂಲಿನ ಹತ್ರ."

"ಸ್ಟೂಲು ಕೈಕಾಲು ಚೆನ್ನಾಗಿ ಕಲಿಸಿದೆ. ಉಸಿರು ಬಿಡೋದು ಮಾತ್ರ ಹೇಳಿಕೊಟ್ಟಿಲ್ಲ. ಬರೀ ಎಳ್ಕೊಳ್ತಾ ಇದ್ದೀಯ. ಎಳೆದದ್ದನ್ನ ನೀರೊಳಗೆ ಬಿಡಬೇಕು, ಆಮೇಲೆ ತಾನೇ ಮತ್ತೆ ಎಳೆಯೋಕೆ ಜಾಗ?"

ತಪ್ಪು ಅಷ್ಟೇ. ಆದರೆ ಒಂದು ಇಡೀ ಮಳೆಗಾಲ ಸ್ಟೂಲಿನ ಮೇಲೆ ಕೂಡಿಸಿಕೊಂಡ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಮೀನಕ್ಕ ಉಸಿರು ಕಟ್ಟುತ್ತಿದ್ದಳು, ಮುಳುಗುತ್ತಿದ್ದಳು, ಏಳುತ್ತಿದ್ದಳು. ಹಾಸ್ಟೆಲಿನ ಬಕೆಟಿನಲ್ಲಿ ಮುಖ ಮುಳುಗಿಸಿ ಬುಳಬುಳ ಎಂದು ಗುಳ್ಳೆ ಬಿಡುತ್ತಿದ್ದಳು. ಪಕ್ಕದ ಕೋಣೆಯವಳು ಬಂದು, "ಅದೇನು ಕುದಿಸ್ತಾ ಇದ್ದೀರಿ?" ಎಂದು ಕೇಳಿದ್ದೂ ಉಂಟು. ತಿಂಗಳುಗಳು ಹೀಗೆ ಹೋದವು. ಒಂದು ಶುಕ್ರವಾರ ಅವಳು ಆ ತುದಿಯಿಂದ ಹೊರಟವಳು ನಿಲ್ಲಲೇ ಇಲ್ಲ. ಈ ತುದಿಗೆ ಬಂದು, ಮರಿ ಕೂತಿದ್ದ ಜಾಗದ ಕೆಳಗೆ ಗೋಡೆ ಮುಟ್ಟಿ, ತಲೆ ಎತ್ತಿ, "ಟವೆಲು ಕೊಡೇ" ಎಂದಳು. ಮರಿ ಟವೆಲು ಕೊಡುವುದನ್ನೂ ಮರೆತು ಅಳುತ್ತಿದ್ದಳು.

ನೀರಿನ ಪರೀಕ್ಷೆಯಲ್ಲಿ ಮೀನಕ್ಕ ತೇರ್ಗಡೆಯಾದಳು. ಮುಳುಗುವ ನಟನೆ ಮಾಡಿದವಳು ತರಗತಿಯಲ್ಲೆಲ್ಲ ದಪ್ಪನೆಯ ಹುಡುಗಿ. ಅವಳನ್ನು ಗದ್ದ ಹಿಡಿದು ಎಳೆದು ತಂದು ದಡಕ್ಕೆ ಹಾಕಿದಾಗ ಕೋಚಮ್ಮ ಶಿಳ್ಳೆಯನ್ನು ಎರಡು ಸಲ ಊದಿದರು. ಆ ಭಾನುವಾರ ಫೋನಿನಲ್ಲಿ ಅಪ್ಪ ಸುದ್ದಿಯನ್ನು ಎರಡೆರಡು ಸಲ ಹೇಳಿಸಿಕೊಂಡ. ಆಮೇಲೆ, "ರೂಮಿಗೆ ಯಾವ ಬಣ್ಣ ಹೊಡೀಲಿ, ಹೇಳು" ಎಂದ.

ಮುಂದಿನ ವಾರ ಪರೀಕ್ಷೆಯ ಪ್ರವೇಶಪತ್ರ ಕೊಟ್ಟರು. ಮೀನಕ್ಕನಿಗೆ ಬರಲಿಲ್ಲ. 'ವಿರಾಮ ಮತ್ತು ಸಮಯ ನಿರ್ವಹಣೆ'ಯಲ್ಲಿ ಹಾಜರಿ ಸಾಲದು ಎಂದರು.

ಆ ವಿಷಯ ಕಲಿಸುವವರನ್ನು ವೇಳೆ ಮೇಷ್ಟ್ರು ಅನ್ನುತ್ತಿದ್ದರು. ಒಳಗೆ ಬಂದ ಕೂಡಲೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಪಾಠ ಶುರು ಮಾಡುವವರು. ಮೀನಕ್ಕ ಅವರ ಮುಂದೆ ನಿಂತಳು. ಮರಿ ಬಾಗಿಲ ಆಚೆ.

"ಹೆಡ್ ಸರ್ ನಿಮಗೆ ಹೇಳ್ತೀನಿ ಅಂದಿದ್ರು ಸರ್."

"ನನಗೆ ಯಾರೂ ಏನೂ ಹೇಳಿಲ್ಲ. ಹೇಳಿದ್ರೂ ನಿಯಮ ನಿಯಮವೇ. ನೀನು ಜಾಣೆ ಅಂತ ನನಗೂ ಗೊತ್ತು. ಆದರೆ ಸಮಯ ಹೊಂದಿಸ್ಕೊಳ್ಳೋದು ನಿನಗೆ ಬರಲಿಲ್ಲ, ನೋಡು."

"ಒಂದೇ ಹೊತ್ತಿಗೆ ಎರಡು ಕಡೆ ಇರೋದು ನಿಮ್ಮ ಪುಸ್ತಕದಲ್ಲಿದ್ರೆ ಹೇಳಿ ಸರ್, ಕಲೀತೀನಿ."

ಮೇಷ್ಟ್ರು ಗಡಿಯಾರ ನೋಡಿದರು. ಅವರಿಗೆ ಮುಂದಿನ ತರಗತಿಯಿತ್ತು.

ಹೆಡ್ ಸರ್ ನಿಜವಾಗಿಯೂ ನೊಂದುಕೊಂಡರು. ಹಣೆ ಹಿಡಿದುಕೊಂಡು, "ಮರೆತೇ ಹೋಯ್ತಮ್ಮ. ಆ ವಾರ ತಪಾಸಣಾ ಸಮಿತಿ ಬಂದಿತ್ತು. ಕಾರಿಡಾರಿಗೆಲ್ಲ ಬಣ್ಣ ಹೊಡೆಸ್ತಾ ಇದ್ದೆ" ಎಂದರು. "ಒಂದೇ ವರ್ಷ ತಾನೇ? ಮುಂದಿನ ವರ್ಷ ಆ ಒಂದು ಕ್ಲಾಸಿಗೆ ಬಾ. ನೀರಿನ ಪರೀಕ್ಷೆ ಹೇಗೂ ಆಗಿದೆ. ಟೀ ತರಿಸ್ಲಾ?"

"ಬೇಡ ಸರ್," ಎಂದಳು ಮೀನಕ್ಕ. ಅಲ್ಲಿ ಅವಳು ಟೀ ಬೇಡ ಎಂದದ್ದು ಅದೇ ಮೊದಲು.

ಕೆರೆ ಪಾರ್ಕಿನ ಪುರಸಭೆ ಕಾಯಲಿಲ್ಲ. ಯಾಕೆ ಕಾಯಬೇಕು? ಆ ಕೆಲಸ ಅವಳ ತರಗತಿಯವನೇ ಒಬ್ಬನಿಗೆ ಸಿಕ್ಕಿತು, ಗಂಡಸರ ಹೊತ್ತಿನಲ್ಲಿ ಸಂಜೆ ಸಂಜೆ ಈಜಿ, ಬೆಳಿಗ್ಗೆ ಎಲ್ಲ ತರಗತಿಗೂ ಹೋದವನಿಗೆ. ಅವನೂ ಕೆಟ್ಟವನಲ್ಲ. ಹೋಗುವ ಮುಂಚೆ ಹಾಸ್ಟೆಲಿನ ಗೇಟಿಗೆ ಬಂದು, "ಇದು ನಿನಗೆ ಸಿಗಬೇಕಿತ್ತು" ಎಂದು ಹೇಳಿ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದದ್ದಕ್ಕೆ ಮರಿ ಒಬ್ಬೊಬ್ಬರನ್ನೂ ಹುಡುಕಿ ಬೈಯಬೇಕೆಂದುಕೊಂಡಳು. ಬೈಯಲು ಒಬ್ಬನೂ ಸಿಗಲಿಲ್ಲ. ಬಚ್ಚಲಿನಲ್ಲಿ ಬಟ್ಟೆಯನ್ನು ಕಲ್ಲಿಗೆ ಬಡಿದಳು.

ಭಾನುವಾರ ಫೋನು ಬಂತು. ಸ್ಪೀಕರು ಹಾಕಿರಲಿಲ್ಲ. ಆದರೂ ಕೋಣೆ ಚಿಕ್ಕದು, ಅಪ್ಪನ ದನಿ ದೊಡ್ಡದು.

"ಕಿಟಕಿ ಚೆನ್ನಾಗೇ ಆಗಿದೆ ಮಗಳೇ. ಯಾರಾದ್ರೂ ಕೂತ್ಕೊಳ್ಳಲಿ, ಗಾಳಿ ಬರುತ್ತೆ."

"ಹೂಂ ಅಪ್ಪ."

"ಚಿಕ್ಕಪ್ಪ ಏನಾದ್ರೂ ಅಂದ್ರೆ ನಾನು ಉತ್ತರ ಕೊಡ್ತೀನಿ. ನೀನು ಊಟ ಮಾಡು."

ಮೀನಕ್ಕ ಇನ್ನೊಂದು ವರ್ಷ ಉಳಿಯುವುದೆಂದು ತೀರ್ಮಾನಿಸಿದಳು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗದೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ಕೋಣೆ ಉಳಿಸಿಕೊಂಡಳು. ತರಗತಿ ಶುರುವಾಗುವ ದಿನ ಎಣ್ಣೆ ಹಾಕಿ ತಲೆ ಬಾಚಿ, ಮರಿಗಿಂತ ಮೊದಲೇ ಸಿದ್ಧಳಾಗಿ ವಿಭಾಗಕ್ಕೆ ಹೋದಳು. ಮರಿ ಎರಡನೆಯ ವರ್ಷದ ತರಗತಿ ಮುಗಿಸಿ ಹೊರಗೆ ಬಂದಾಗ ಮೀನಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಿಗ್ಗೆ ಹಾಕಿದ ಎಣ್ಣೆ ಹಣೆಗಿಳಿದಿತ್ತು.

"ಏನಾಯ್ತಕ್ಕ? ಕ್ಲಾಸು?"

"ಆ ಕ್ಲಾಸೇ ಇಲ್ಲ ಕಣೇ."

ಪಠ್ಯಕ್ರಮ ಬದಲಾಗಿತ್ತು. ಹೋದ ವರ್ಷ ಬಂದ ಆ ತಪಾಸಣಾ ಸಮಿತಿ, 'ವಿರಾಮ ಮತ್ತು ಸಮಯ ನಿರ್ವಹಣೆ' ಹಳೆಯದಾಯಿತು, ತೆಗೆಯಿರಿ ಎಂದಿತ್ತು. ಅದರ ಜಾಗಕ್ಕೆ ಬೇರೆ ವಿಷಯ ಬಂದಿತ್ತು. ಆದರೆ ಅದು ಹೊಸ ಪಠ್ಯಕ್ರಮದವರಿಗೆ. ಹಳೆಯವರು ಹಳೆಯದನ್ನೇ ಬರೆಯಬೇಕು. ಹಳೆಯದನ್ನು ಕಲಿಸುವವರು ಇಲ್ಲ. ಕಲಿಸದೆ ಹಾಜರಿ ಇಲ್ಲ. ಹಾಜರಿ ಇಲ್ಲದೆ ಪರೀಕ್ಷೆ ಇಲ್ಲ. ವೇಳೆ ಮೇಷ್ಟ್ರು ನಿವೃತ್ತರಾಗಿ ಗಡಿಯಾರದ ಸಮೇತ ಮನೆಗೆ ಹೋಗಿದ್ದರು. ಇಂಥವರಿಗಾಗಿ ವಿಶೇಷ ಪರೀಕ್ಷೆ ಮಾಡುತ್ತೇವೆ, ದಿನಾಂಕ ತಿಳಿಸುತ್ತೇವೆ ಎಂದು ಮೇಲಿನ ಆಫೀಸಿನ ಗುಮಾಸ್ತರು ಹೇಳಿದರಂತೆ. ಯಾವಾಗ ಎಂದರೆ, ನಿಮ್ಮಂಥವರು ಇನ್ನೂ ನಾಲ್ಕು ಜನ ಸೇರಲಿ ಎಂದರಂತೆ.

"ನನ್ನಂಥವಳು ನಾನೊಬ್ಬಳೇ," ಎಂದಳು ಮೀನಕ್ಕ. "ಫೇಲಾಗೋಕಾದ್ರೂ ಒಂದು ಪರೀಕ್ಷೆ ಬೇಕಲ್ಲ ಮರಿ. ಅದೂ ಇಲ್ಲ."

ಮರಿಯೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಹೊಸ ಹುಡುಗಿಯರ ಗುಂಪೊಂದು ದಾಟಿ ಹೋಯಿತು. ಅವರಲ್ಲಿ ಇಬ್ಬರ ಕೈಯಲ್ಲಿ ತಗಡಿನ ಟ್ರಂಕಿತ್ತು. ಮರಿ ಅವರ ಬೆನ್ನನ್ನೇ ನೋಡಿದಳು. ಇವರಿಗೂ ಮೂರನೆಯ ವರ್ಷ ಬರುತ್ತದೆ. ತನಗೆ ಅದಕ್ಕಿಂತ ಮೊದಲೇ ಬರುತ್ತದೆ. ಹೊಸ ವಿಷಯದ ತರಗತಿಯನ್ನೂ ಮಂಗಳವಾರ ಮತ್ತು ಶುಕ್ರವಾರ ಹತ್ತಕ್ಕೇ ಇಟ್ಟಿದ್ದರು.

"ನಾನು ಊರಿಗೆ ಹೋಗ್ತೀನಿ," ಎಂದಳು ಮೀನಕ್ಕ.

ಹೋಗುವ ಮುಂಚೆ ಕೋಚಮ್ಮನಿಗೆ ಹೇಳಿ ಬರೋಣವೆಂದು ಶುಕ್ರವಾರ ಇಬ್ಬರೂ ಈಜುಕೊಳಕ್ಕೆ ಹೋದರು. ಕೋಚಮ್ಮ ಪೂರ್ತಿ ಕಥೆ ಕೇಳಿ, ಕನಿಕರದ ಮಾತೇನೂ ಆಡಲಿಲ್ಲ. ಬೆನ್ನು ತಿರುಗಿಸಿ, "ಮ್ಯಾನೇಜರೇ" ಎಂದು ಕೂಗಿದರು.

"ಏನು ಕೋಚಮ್ಮ?"

"ಹೆಂಗಸರಿಗೆ ಹೊತ್ತು ಹೆಚ್ಚಿಗೆ ಕೊಡೋಕಾಗಲ್ಲ, ಇನ್ನೊಬ್ಬ ಹೆಣ್ಣು ಕಾವಲುಗಾರ್ತಿ ಇಲ್ಲ, ಹುಡುಕಿ ಹುಡುಕಿ ಸಾಕಾಯ್ತು ಅಂತ ತಾನೇ ನೀವು ಎಲ್ಲರಿಗೂ ಹೇಳೋದು?"

"ಹೌದು ಮತ್ತೆ. ಸಿಗಬೇಕಲ್ಲ."

"ನೀರಿನ ಪರೀಕ್ಷೆ ಆದ ಹೆಂಗಸು ನಿಮ್ಮ ಮುಂದೇ ನಿಂತಿದ್ದಾಳೆ. ಆ ಪೇಪರು ಕೆಳಗಿಟ್ಟು ನೋಡಿ."

ಮ್ಯಾನೇಜರು ಪೇಪರು ಕೆಳಗಿಟ್ಟರು. "ಡಿಗ್ರಿ ಆಗಿದೆಯಾ?"

"ಕಾವಲಿಗೆ ಡಿಗ್ರಿ ಬೇಕು ಅಂತ ನಿಮ್ಮ ನಿಯಮದಲ್ಲಿ ಎಲ್ಲಿದೆ? ಮುಳುಗೋರು ಡಿಗ್ರಿ ಕೇಳ್ತಾರಾ?"

ಮೀನಕ್ಕ ಕೂಡಲೇ ಹೂಂ ಎನ್ನಲಿಲ್ಲ. ಹಾಸ್ಟೆಲಿಗೆ ವಾಪಸು ಬಂದು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಸಂಜೆಯ ಊಟಕ್ಕೂ ಏಳಲಿಲ್ಲ. ಮರಿ ತಟ್ಟೆಯಲ್ಲಿ ಊಟ ತಂದು ಸ್ಟೂಲಿನ ಮೇಲಿಟ್ಟಳು.

"ಬೇಡ ಅನ್ನಿಸಿದ್ರೆ ಬಿಡಕ್ಕ."

"ಪಾರ್ಕು ನೋಡ್ಕೊಳ್ತೀನಿ ಅಂತ ಹೊರಟೆ," ಎಂದು ಮೀನಕ್ಕ ಗೋಡೆಗೇ ಹೇಳಿದಳು. "ಉಯ್ಯಾಲೆ ಎಲ್ಲಿರಬೇಕು, ದಾರಿ ಎಲ್ಲಿ ತಿರುಗಬೇಕು ಅಂತ. ಈಗ ಶಿಳ್ಳೆ ಕಟ್ಕೊಂಡು ದಡದಲ್ಲಿ ಕೂರಬೇಕು. ಎದುರಿಗೇ ನಮ್ಮ ಡಿಪಾರ್ಟ್‌ಮೆಂಟಿನ ಕಿಟಕಿ. ದಿನಾ ಅದನ್ನ ನೋಡ್ತಾ."

ಮರಿ ಸ್ಟೂಲನ್ನು ಮಂಚದ ಹತ್ತಿರಕ್ಕೆ ಸರಿಸಿದಳು. ಮೀನಕ್ಕ ಎದ್ದು ಕೂತಳು, ತಟ್ಟೆ ಎಳೆದುಕೊಂಡಳು.

"ಸಂಜೆ ಹೊತ್ತೇ ಕೊಡಲಿ ಅಂತ ಕೇಳ್ತೀನಿ," ಎಂದಳು. "ಸಂಜೆ ನಿಮಗೆ ಯಾವ ಕ್ಲಾಸೂ ಇಲ್ಲ. ಈ ಸಲ ಬರವಣಿಗೆಯಲ್ಲಿ ಕೇಳ್ತೀನಿ."

ಬರವಣಿಗೆಯಲ್ಲೇ ಕೇಳಿದಳು, ಬರವಣಿಗೆಯಲ್ಲೇ ಸಿಕ್ಕಿತು. ಮರಿ ಈಜು ಕಲಿತದ್ದು ಆ ಸಂಜೆಗಳಲ್ಲಿ, ತರಗತಿ ಒಂದನ್ನೂ ತಪ್ಪಿಸದೆ. ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಹೆಡ್ ಸರ್, 'ನಮ್ಮ ಸತತ ಪ್ರಯತ್ನದಿಂದ ವಿದ್ಯಾರ್ಥಿನಿಯರಿಗೆ ಸಂಜೆಯ ಈಜಿನ ಸೌಲಭ್ಯ' ಎಂದು ಬರೆದರು. ಮರಿ ಅದನ್ನು ಓದಿ ಮೀನಕ್ಕನಿಗೆ ತೋರಿಸಿದಳು. ಮೀನಕ್ಕ ಒದ್ದೆ ಕೈಯಲ್ಲೇ ಹಿಡಿದು ಓದಿ, "ನಾವು ಕುಡಿದ ಟೀ ಲೆಕ್ಕ ಬರೆದಿಲ್ಲವಲ್ಲ" ಎಂದು ವಾಪಸು ಕೊಟ್ಟಳು.

ಮರಿ ಡಿಗ್ರಿ ಮುಗಿಸಿ ಈಗ ಬೇರೆ ಊರಿನ ಪಾರ್ಕೊಂದರಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾಳೆ. ಮೊದಲು ಕೇಳುವುದು ವಿಶೇಷ ಪರೀಕ್ಷೆಯ ದಿನಾಂಕ ಬಂತೇ ಎಂದು. ಇನ್ನೂ ಬಂದಿಲ್ಲ.

ಮೀನಕ್ಕ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಹೆಂಗಸರ ಸಂಜೆಯ ಹೊತ್ತಿನ ಕಾವಲುಗಾರ್ತಿ. ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನ ನೀರೊಳಗೆ ಉಸಿರು ಬಿಡುವುದನ್ನು ಕಲಿಸುತ್ತಾಳೆ, ಕೈಕಾಲು ಆಡಿಸುವುದನ್ನು ಆಮೇಲೆ.